ಸ್ವಾತಂತ್ರ್ಯಕ್ಕೆ ಕಾಲೂರಲು ಜಾಗ ಬೇಕು

(ಯಲಹಂಕದಲ್ಲಿ ನಡೆದ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಈ ಶಿಬಿರದಲ್ಲಿ ನನಗೆ ಕೊಟ್ಟಿರುವ ವಿಷಯ "ದೇಶದ ರಾಜಕೀಯ ಸಂಸ್ಕೃತಿ ಮತ್ತು ಪೌರ ಸ್ವಾತಂತ್ರ್ಯ." ವಿಷಯ ದೊಡ್ಡದು, ಹೇಳುವವನು ಚಿಕ್ಕವನು. ನಾನು ಮೆಟ್ರಿಕ್‌ವರೆಗೆ ಓದಿ, ಖಾಸಗಿ ಶಾಲೆಯೊಂದರಲ್ಲಿ ಕೆಲವು ವರ್ಷ ಚಿಕ್ಕ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ಪಕ್ಷದ ಕೆಲಸಕ್ಕೆ ಬಂದವನು. ದೆಹಲಿಯ ರಾಜಕೀಯವನ್ನು ಅಳೆಯುವ ಕೋಲು ನನ್ನ ಕೈಯಲ್ಲಿಲ್ಲ. ಆದುದರಿಂದ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ಬೀದಿಯಲ್ಲಿ ನಿಂತವನ ಕಣ್ಣಿಗೆ ಏನು ಕಾಣುತ್ತದೆಯೋ ಅಷ್ಟನ್ನು ಹೇಳುತ್ತೇನೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕಲ್ಲವೆ?

2023ರಲ್ಲಿ ನಮ್ಮ ರಾಜ್ಯ ಸರ್ಕಾರ ಶಾಲೆ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದುವುದನ್ನು ಕಡ್ಡಾಯ ಮಾಡಿತು. ಒಳ್ಳೆಯ ಕೆಲಸ. ವಿಚಾರ ಸ್ವಾತಂತ್ರ್ಯ, ಅಭಿವ್ಯಕ್ತಿ ಸ್ವಾತಂತ್ರ್ಯ ಎಂಬ ಮಾತು ಮಕ್ಕಳ ಬಾಯಿಗೆ ಬಂದಿದೆ. ಅದೇ ಸಂವಿಧಾನದ 19ನೇ ವಿಧಿಯಲ್ಲಿ ಇನ್ನೊಂದು ಹಕ್ಕಿದೆ. ಆಯುಧವಿಲ್ಲದೆ, ಶಾಂತಿಯಿಂದ ಒಟ್ಟುಗೂಡುವ ಹಕ್ಕು. ಮಾತನಾಡುವ ಹಕ್ಕು ಒಬ್ಬನಿಗೆ ಸಾಕು. ಒಟ್ಟುಗೂಡುವ ಹಕ್ಕು ಹತ್ತು ಜನಕ್ಕೆ ಬೇಕು. ಸಿರಿವಂತನಿಗೆ ಒಟ್ಟುಗೂಡುವ ಅಗತ್ಯ ಕಡಿಮೆ, ಅವನ ಒಂದು ಫೋನು ಮಂತ್ರಿಯ ಮನೆಯಲ್ಲಿ ಸದ್ದು ಮಾಡುತ್ತದೆ. ಬಡವನ ದನಿ ಕೇಳಿಸಬೇಕಾದರೆ ಪಕ್ಕದಲ್ಲಿ ಇನ್ನೂ ನೂರು ಬಡವರು ನಿಂತಿರಬೇಕು. ಆದುದರಿಂದ ಇದು ಬಡವರ ಹಕ್ಕು. ಈ ಹಕ್ಕಿಗೆ ಏನಾಗಿದೆ ಎಂಬುದೇ ಇವತ್ತಿನ ನನ್ನ ಮಾತು.

ಒಂದು ಸಣ್ಣ ಸಂಗತಿ ಹೇಳುತ್ತೇನೆ. ಬಡಾವಣೆಯೊಂದರಲ್ಲಿ ನೀರು ಬಾರದೆ ಬಹಳ ದಿನವಾಗಿತ್ತು. ಇಪ್ಪತ್ತು ಜನ ಹೆಂಗಸರು ಖಾಲಿ ಕೊಡ ಹಿಡಿದು ನೀರಿನ ಕಚೇರಿಯ ಮುಂದೆ ಒಂದು ಗಂಟೆ ನಿಲ್ಲುತ್ತೇವೆಂದರು. ಅವರ ಜೊತೆ ನಾನೂ ಹೋಗಿದ್ದೆ. ಬಂದ ಪೊಲೀಸಿನವರು ಒರಟಾಗಿ ಏನೂ ಮಾತನಾಡಲಿಲ್ಲ. "ನೋಡ್ರಮ್ಮ, ನಾವೇನ್ ಮಾಡೋಕಾಗುತ್ತೆ, ಆರ್ಡರ್ ಇದೆ. ಧರಣಿ ಮಾಡೋದಾದ್ರೆ ಅರ್ಜಿ ಕೊಟ್ಟು ಫ್ರೀಡಂ ಪಾರ್ಕಿಗೆ ಹೋಗಿ" ಎಂದರು. ಅದಕ್ಕೆ ಒಬ್ಬಾಕೆ ಮುದುಕಿ, "ಸ್ವಾಮಿ, ನಲ್ಲಿ ಇರೋದು ಇಲ್ಲಿ, ನೀರು ಬಿಡೋನು ಇರೋದು ಇಲ್ಲಿ. ಅಲ್ಲಿಗೋಗಿ ಖಾಲಿ ಕೊಡ ಯಾರಿಗೆ ತೋರ್ಸೋದು?" ಎಂದಳು. ಆ ಪ್ರಶ್ನೆಗೆ ಯಾವ ಆರ್ಡರಿನಲ್ಲೂ ಉತ್ತರವಿಲ್ಲ. ಯಲಹಂಕದಿಂದ ಫ್ರೀಡಂ ಪಾರ್ಕಿಗೆ ಹದಿನೈದು ಕಿಲೋಮೀಟರಿನಷ್ಟು ದೂರ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ, ನಿಜ. ಆದರೆ ಹೊತ್ತು ಪುಕ್ಕಟೆಯಲ್ಲ. ನಾಲ್ಕು ಮನೆಯಲ್ಲಿ ಪಾತ್ರೆ ತೊಳೆಯುವವಳು ಒಂದು ದಿನ ಹೋಗದಿದ್ದರೆ ಕೂಲಿ ಹೋಗುತ್ತದೆ, ಕೆಲವೊಮ್ಮೆ ಮನೆಯೇ ಹೋಗುತ್ತದೆ.

ಈ ಆರ್ಡರು ಯಾವುದು? ರಸ್ತೆ ತಡೆಯಿಂದ ಊರಿಗೆ ಆಗುವ ತೊಂದರೆಯನ್ನು ಕರ್ನಾಟಕ ಹೈಕೋರ್ಟು ತಾನಾಗಿಯೇ ಪ್ರಕರಣವಾಗಿ ಕೈಗೆತ್ತಿಕೊಂಡಿತು. ಅದರ ಬೆನ್ನಿಗೆ ಬೆಂಗಳೂರು ನಗರದ ಪ್ರತಿಭಟನೆ, ಮೆರವಣಿಗೆಗಳ ಪರವಾನಗಿ ಮತ್ತು ನಿಯಂತ್ರಣಕ್ಕಾಗಿ 2021ರ ಹೆಸರಿನ ಒಂದು ಪೊಲೀಸ್ ಆದೇಶ ಬಂದು, 2022ರ ಆರಂಭದಿಂದ ಜಾರಿಯಾಯಿತು. ನಗರದಲ್ಲಿ ಪ್ರತಿಭಟನೆ ಮಾಡುವುದಾದರೆ ಫ್ರೀಡಂ ಪಾರ್ಕಿನಲ್ಲಿ ಮಾತ್ರ, ಅದೂ ಮೊದಲು ಅರ್ಜಿ ಹಾಕಿ, ಎಂಬುದು ಅದರ ಸಾರ. ಆಗ ಆಳುತ್ತಿದ್ದವರು ಬಿ.ಜೆ.ಪಿ.ಯವರು. 2023ರಲ್ಲಿ ಕಾಂಗ್ರೆಸ್ಸಿನವರು ಗದ್ದುಗೆಗೆ ಬಂದರು. ಸರ್ಕಾರ ಬದಲಾಯಿತು, ಆದೇಶ ಬದಲಾಗಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 26ರಂದು ಕಾವೇರಿ ನೀರಿಗಾಗಿ ಬೆಂಗಳೂರು ಬಂದ್ ನಡೆದಾಗಲೂ ನಿಷೇಧಾಜ್ಞೆ ಹೊರಡಿಸಿ, ಫ್ರೀಡಂ ಪಾರ್ಕು ಬಿಟ್ಟು ಬೇರೆಲ್ಲೂ ಸೇರಕೂಡದೆಂದರು.

ಆ ಪಾರ್ಕು ಎಂಥ ಜಾಗ ಎಂಬುದನ್ನು ನಮ್ಮ ಹುಡುಗರು ತಿಳಿಯಬೇಕು. ಅದು ಹಳೆಯ ಸೆಂಟ್ರಲ್ ಜೈಲು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಅದನ್ನು ಉದ್ಯಾನ ಮಾಡಿ 2008ರಲ್ಲಿ ತೆರೆದರು. 1975ರ ಜೂನ್ 26ರಂದು, ಪಾರ್ಲಿಮೆಂಟಿನ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಶ್ಯಾಮನಂದನ ಮಿಶ್ರ, ಸಮಾಜವಾದಿ ಮಧು ದಂಡವತೆ ಇವರನ್ನು ದಸ್ತಗಿರಿ ಮಾಡಿ ಅಲ್ಲಿಟ್ಟರು. "ಸಂಸ್ಕಾರ" ಚಿತ್ರದಲ್ಲಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಹಿಡಿದು ಅದೇ ಜೈಲಿನಲ್ಲಿಟ್ಟರು. ಆಕೆಗೆ ಉಬ್ಬಸದ ಕಾಯಿಲೆ. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಗೆ ಬಿಟ್ಟರು, 20ರಂದು ಆಕೆ ತೀರಿಕೊಂಡರು. ಇಂದು ಪ್ರಭುತ್ವ ನಮಗೆ ಹೇಳುತ್ತಿರುವುದೇನು? ಸ್ವಾತಂತ್ರ್ಯ ಬೇಕಾದರೆ ಆ ಹಳೆಯ ಜೈಲಿನ ಕಾಂಪೌಂಡಿನೊಳಗೆ ಹೋಗಿ ಅನುಭವಿಸಿ, ಉಳಿದ ಊರಿನಲ್ಲಿ ಸುಮ್ಮನಿರಿ ಎಂದು.

ತುರ್ತು ಪರಿಸ್ಥಿತಿ ನಾನು ಹುಟ್ಟುವ ಮೊದಲಿನದು. ಆ ಕಾಲದಲ್ಲಿ ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು, ಬಂಧಿತರು ನ್ಯಾಯ ಕೇಳಬಹುದು ಎಂದವು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಕೇಳುವಂತಿಲ್ಲ ಎಂದರು. ಎಚ್.ಆರ್. ಖನ್ನಾ ಒಬ್ಬರೇ ಬೇರೆ ತೀರ್ಪು ಬರೆದರು. ಆ ತೀರ್ಪು ತಪ್ಪೆಂದು ಅದೇ ಕೋರ್ಟು ಹೇಳಲು 2017ರವರೆಗೆ, ನಲವತ್ತೊಂದು ವರ್ಷ ಹಿಡಿಯಿತು. ಇದರಿಂದ ನಾನು ಕಲಿತದ್ದು ಇಷ್ಟು: ಹಕ್ಕನ್ನು ಕಳೆದುಕೊಳ್ಳುವುದು ಒಂದು ರಾತ್ರಿಯ ಕೆಲಸ, ಮರಳಿ ಪಡೆಯುವುದು ಒಂದು ಆಯುಷ್ಯದ ಕೆಲಸ. ಮತ್ತು ಈಗ ಅದು ಗುಡುಗು ಮಿಂಚಿನೊಡನೆ ಹೋಗುತ್ತಿಲ್ಲ. ವಾಹನ ಸಂಚಾರದ ಅನುಕೂಲ, ಆಡಳಿತದ ಅನುಕೂಲ, ಕಾಗದಪತ್ರದ ಅನುಕೂಲ ಎಂದು ಸದ್ದಿಲ್ಲದೆ ಹೋಗುತ್ತಿದೆ.

ನಮ್ಮ ಉತ್ತರ ಭಾಗದ ಲೆಕ್ಕವನ್ನೇ ತೆಗೆದು ನೋಡಿ. ಯಲಹಂಕಕ್ಕೆ ಒಂದು ಕಾಲಕ್ಕೆ ತನ್ನದೇ ನಗರಸಭೆ ಇತ್ತು. ಚರಂಡಿ ಕಟ್ಟಿದರೆ ಸದಸ್ಯನ ಮನೆ ಬಾಗಿಲು ತಟ್ಟಬಹುದಿತ್ತು. 2007ರಲ್ಲಿ ಅದನ್ನು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿಸಿದರು. ಆ ಪಾಲಿಕೆಗೆ ಚುನಾವಣೆ ಆದದ್ದು 2010ರಲ್ಲಿ. ಮತ್ತೊಂದು 2015ರಲ್ಲಿ. 2020ರ ಸೆಪ್ಟೆಂಬರ್ 10ಕ್ಕೆ ಆ ಸದಸ್ಯರ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಪೂರೈಸತಕ್ಕದ್ದೆಂದು ಸಂವಿಧಾನದ ಪೌರಾಡಳಿತದ ಭಾಗವೇ ಹೇಳುತ್ತದೆ. ಆರು ವಾರದೊಳಗೆ ಚುನಾವಣೆ ಘೋಷಿಸಿ ಎಂದು ಹೈಕೋರ್ಟು 2020ರ ಡಿಸೆಂಬರಿನಲ್ಲಿ ಹೇಳಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ ಅದೇ ತಿಂಗಳು ತಡೆ ತಂದಿತು. ವಾರ್ಡಿನ ಗಡಿ, ಮೀಸಲಾತಿಯ ಪಟ್ಟಿ, ಹೊಸ ಕಾಯಿದೆ ಎಂದು ವರ್ಷಗಳು ಉರುಳಿದವು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನು ಐದು ಹೋಳು ಮಾಡಿ, ಉತ್ತರಕ್ಕೂ ಒಂದು ಪಾಲಿಕೆ ಕೊಟ್ಟರು. ಆ ಐದೂ ಚುನಾಯಿತ ಸದಸ್ಯರಿಲ್ಲದೆಯೇ ಹುಟ್ಟಿದವು. ಪೂರ್ತಿ ಐದು ವರ್ಷ, ಅಂದರೆ ಒಂದು ಸಭೆಯ ಇಡೀ ಆಯುಷ್ಯ, ಅಧಿಕಾರಿಗಳ ಕೈಯಲ್ಲೇ ಕಳೆಯಿತು.

ಈಗ ಎರಡನ್ನೂ ಜೋಡಿಸಿ ನೋಡಿ. ಒಂದು ಕಡೆ, ಆ ಐದು ವರ್ಷ ದೂರು ಹೇಳಿಕೊಳ್ಳಲು ವಾರ್ಡಿನ ಸದಸ್ಯನಿರಲಿಲ್ಲ. ಇನ್ನೊಂದು ಕಡೆ, ಸದಸ್ಯನಿಲ್ಲ ಎಂದು ಬೀದಿಯಲ್ಲಿ ನಿಂತು ಹೇಳುವಂತಿರಲಿಲ್ಲ. ಮನೆಯ ಬಾಗಿಲನ್ನೂ ಮುಚ್ಚಿ, ಕಿಟಕಿಯನ್ನೂ ಮುಚ್ಚಿ, ಒಳಗಿದ್ದವರನ್ನು ಗಾಳಿ ಬೇಕಾದರೆ ಹದಿನೈದು ಕಿಲೋಮೀಟರು ನಡೆಯಿರಿ ಎಂದ ಹಾಗಾಯಿತು. ಡಾಕ್ಟರ್ ಲೋಹಿಯಾ ಹಳ್ಳಿ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ರಾಜ್ಯದ ಮಾತನ್ನು ಆಡಿದರು. ಕೆಳಗಿನ ಕಂಬವನ್ನೇ ಕಿತ್ತರೆ ಮೇಲಿನ ಚಪ್ಪರ ಯಾರ ತಲೆಯ ಮೇಲೆ ಬೀಳುತ್ತದೆ?

ಇಲ್ಲಿ ಒಂದು ದೊಡ್ಡ ಆಕ್ಷೇಪಣೆಯನ್ನು ಎದುರಿಸಬೇಕು. ಅದು ಸಣ್ಣವರ ಆಕ್ಷೇಪಣೆಯಲ್ಲ, ಬಾಬಾಸಾಹೇಬ ಅಂಬೇಡ್ಕರರದು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು, ಸಂವಿಧಾನದ ದಾರಿಗಳು ತೆರೆದಿರುವಾಗ ಸತ್ಯಾಗ್ರಹ, ಅಸಹಕಾರಗಳನ್ನು ಕೈಬಿಡಬೇಕು, ಅವು ಅರಾಜಕತೆಯ ವ್ಯಾಕರಣವಲ್ಲದೆ ಬೇರೇನಲ್ಲ ಎಂದು ಎಚ್ಚರಿಸಿದರು. ಇದನ್ನು ಆಳುವವರು ನಮಗೆ ಆಗಾಗ್ಗೆ ಓದಿ ಹೇಳುತ್ತಾರೆ. ನಾವೂ ಓದೋಣ, ಪೂರ್ತಿಯಾಗಿ ಓದೋಣ. ದಾರಿಗಳು ತೆರೆದಿರುವಾಗ ಎಂಬುದು ಆ ಮಾತಿನ ಒಳಗೇ ಇದೆ. ಐದು ವರ್ಷ ಚುನಾವಣೆ ನಡೆಸದ ಊರಿನಲ್ಲಿ ದಾರಿ ತೆರೆದಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ಎರಡನೆಯದಾಗಿ, ಶಾಂತಿಯಿಂದ ಒಟ್ಟುಗೂಡುವುದು ಸಂವಿಧಾನದ ಹೊರಗಿನ ಕೆಲಸವಲ್ಲ, ಅಂಬೇಡ್ಕರರ ನೇತೃತ್ವದಲ್ಲಿ ಬರೆದ 19ನೇ ವಿಧಿಯಲ್ಲೇ ಇರುವ ಕೆಲಸ. ಅದೇ ಭಾಷಣದಲ್ಲಿ ಅವರು ಇನ್ನೊಂದು ಎಚ್ಚರಿಕೆ ಕೊಟ್ಟರು: ಧರ್ಮದಲ್ಲಿ ಭಕ್ತಿ ಮೋಕ್ಷಕ್ಕೆ ದಾರಿಯಾಗಬಹುದು, ರಾಜಕೀಯದಲ್ಲಿ ಭಕ್ತಿ ಅವನತಿಗೂ ಸರ್ವಾಧಿಕಾರಕ್ಕೂ ದಾರಿ ಎಂದು. ಇದನ್ನು ಆಳುವವರು ಓದಿ ಹೇಳುವುದು ಅಪರೂಪ. ಯಾಕೆಂದರೆ ಅವರ ಕಟೌಟಿಗೆ ಹಾಲೆರೆಯುವವರು ಹೊರಗೆ ಕಾಯುತ್ತಿರುತ್ತಾರೆ.

ಇನ್ನೊಂದು ಆಕ್ಷೇಪಣೆ ಸಾಮಾನ್ಯ ಜನರದು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬೆಳಗಿನ ಹೊತ್ತು ಸಿಕ್ಕಿಕೊಂಡವನು, "ಯಾವನೋ ಧರಣಿ ಕೂತರೆ ನನ್ನ ಕೆಲಸ ಯಾಕೆ ಕೆಡಬೇಕು?" ಎನ್ನುತ್ತಾನೆ. ಆಂಬುಲೆನ್ಸಿನಲ್ಲಿ ಮಲಗಿರುವ ರೋಗಿಯ ಹಕ್ಕು ಧರಣಿ ಕೂತವನ ಹಕ್ಕಿಗಿಂತ ಚಿಕ್ಕದಲ್ಲ. ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕಕೂಡದು. ಆದರೆ ಕೇಳುತ್ತೇನೆ: ಹೆಬ್ಬಾಳದ ದಟ್ಟಣೆ ದಿನಾ ಬೆಳಗ್ಗೆ ಇರುತ್ತದೆ, ದಿನಾ ಧರಣಿ ಇರುತ್ತದೆಯೆ? ಮಂತ್ರಿಯ ಕಾರು ಬರುವಾಗ ರಸ್ತೆ ನಿಲ್ಲಿಸುವುದಕ್ಕೆ ಯಾವ ಪಾರ್ಕು ಗೊತ್ತು ಮಾಡಿದ್ದಾರೆ? 2022ರ ಮಾರ್ಚ್ 3ರಂದು, ಆದೇಶ ಜಾರಿಯಾದ ಮೇಲೆಯೇ, ಕಾಂಗ್ರೆಸ್ಸಿನ ಮೇಕೆದಾಟು ಪಾದಯಾತ್ರೆ ನಗರದ ರಸ್ತೆಗಳಲ್ಲಿ ಸಾಗಿ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಮುಗಿಯಿತು. ಅವರು ನಡೆದದ್ದು ಸರಿಯೇ, ನಡೆಯುವ ಹಕ್ಕು ಎಲ್ಲರಿಗೂ ಇದೆ. ನನ್ನ ಮಾತು ಇಷ್ಟೆ: ಸಾವಿರ ಜನರ ದೊಡ್ಡ ಪಕ್ಷಕ್ಕೆ ರಸ್ತೆ ಇದೆ, ಇಪ್ಪತ್ತು ಕೊಡಗಳಿಗೆ ಪುಟ್ಟ ಕಚೇರಿಯ ಮುಂದೂ ಜಾಗವಿಲ್ಲ ಎಂದಾದರೆ, ಅದು ನಿಯಮವಲ್ಲ, ಪಕ್ಷಪಾತ.

ಕಾನೂನು ಏನು ಹೇಳುತ್ತದೆ? 1972ರಲ್ಲಿ ಅಹಮದಾಬಾದಿನ ಹಿಮತ್‌ಲಾಲ್ ಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬೀದಿಯ ಸಭೆಗಳನ್ನು ಸರ್ಕಾರ ನಿಯಂತ್ರಿಸಬಹುದು, ಆದರೆ ಬೀದಿಯಲ್ಲಿ ಸಭೆಯೇ ಕೂಡದೆಂದು ಪೂರ್ತಿ ಮುಚ್ಚುವಂತಿಲ್ಲ ಎಂದಿತು. ಅದಕ್ಕೂ ಮೊದಲು 1954ರಲ್ಲಿ, ಉತ್ತರ ಪ್ರದೇಶದಲ್ಲಿ ಏರಿಸಿದ ನೀರಾವರಿ ಕಂದಾಯ ಕೊಡಬೇಡಿ ಎಂದು ರೈತರಿಗೆ ಹೇಳಿದ್ದಕ್ಕೆ ಲೋಹಿಯಾರನ್ನು ಹಿಡಿದರು. 1960ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನಿನ ಕಲಮನ್ನೇ ಹೊಡೆದುಹಾಕಿತು. ಸಾರ್ವಜನಿಕ ಶಾಂತಿಗೂ ಆ ಮಾತಿಗೂ ಹತ್ತಿರದ ನಂಟಿರಬೇಕು, ಎಲ್ಲೋ ದೂರದ ಊಹೆ ಸಾಲದು ಎಂದಿತು. 2020ರಲ್ಲಿ ಶಾಹೀನ್ ಬಾಗಿನ ಪ್ರಕರಣದಲ್ಲಿ ಅದೇ ಕೋರ್ಟು, ಸಾರ್ವಜನಿಕ ದಾರಿಯನ್ನು ಕಾಲಮಿತಿಯಿಲ್ಲದೆ ಹಿಡಿಯುವಂತಿಲ್ಲ, ಗೊತ್ತು ಮಾಡಿದ ಜಾಗದಲ್ಲಿ ಪ್ರತಿಭಟಿಸಬೇಕು ಎಂದೂ ಹೇಳಿದೆ. ನಾನು ವಕೀಲನಲ್ಲ. ಆದರೂ ನನಗೆ ತೋಚುವುದು ಇದು: ಗೊತ್ತಾದ ಜಾಗ ಇರಲಿ ಎಂಬುದು ಒಂದು ಮಾತು, ಒಂದು ಕೋಟಿಗೂ ಮಿಕ್ಕ ಜನರ ಊರಿಗೆ ಒಂದೇ ಜಾಗ ಎಂಬುದು ಇನ್ನೊಂದು ಮಾತು.

ನಮ್ಮ ಹೈಕೋರ್ಟೇ ಪೌರಸ್ವಾತಂತ್ರ್ಯದ ಪರ ನಿಂತ ಉದಾಹರಣೆಯೂ ಇದೆ. 2019ರ ಡಿಸೆಂಬರಿನಲ್ಲಿ ಪೌರತ್ವ ಕಾಯಿದೆಯ ವಿರುದ್ಧ ಜನ ಸೇರದಂತೆ ಬೆಂಗಳೂರಿನಲ್ಲಿ 144ನೇ ಕಲಮು ಹಾಕಿದರು. ಟೌನ್ ಹಾಲಿನ ಮುಂದೆ ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾರನ್ನು ಎಳೆದೊಯ್ದದ್ದನ್ನು ದೇಶವೇ ನೋಡಿತು. 2020ರ ಫೆಬ್ರವರಿ 13ರಂದು ಹೈಕೋರ್ಟು ಆ ನಿಷೇಧಾಜ್ಞೆ ಕಾನೂನುಬಾಹಿರ ಎಂದು ತೀರ್ಪು ಕೊಟ್ಟಿತು. ತೀರ್ಪು ಬಂದಾಗ ಆ ದಿನಗಳು ಕಳೆದುಹೋಗಿದ್ದವು, ಅದು ಬೇರೆ ಮಾತು. ಆ ಕಲಮು 2024ರ ಜುಲೈನಿಂದ ಹೊಸ ಸಂಹಿತೆಯಲ್ಲಿ 163 ಎಂದಾಗಿದೆ. ಅಂಕಿ ಬದಲಾಗಿದೆ, ಬೀಗ ಅದೇ.

ಜನ ತಾವಿದ್ದಲ್ಲೇ ನಿಂತರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಯಲಹಂಕದ ಆಚೆ ಮಾವಳ್ಳಿಪುರವಿದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಅಲ್ಲಿ ಸುರಿದರು. ನೀರು ಕೆಟ್ಟಿತು, ಗಾಳಿ ಕೆಟ್ಟಿತು. ಊರಿನವರು ಎದ್ದು ನಿಂತರು, 2012ರಲ್ಲಿ ಆ ಕಸದ ಗುಂಡಿ ಮುಚ್ಚಿತು. ಬೆಂಗಳೂರಿನ ಬೀದಿಗಳಲ್ಲಿ ಕಸ ಕೊಳೆತಾಗಲೇ ಹಸಿ ಕಸ, ಒಣ ಕಸ ಬೇರೆ ಮಾಡಬೇಕೆಂಬ ಬುದ್ಧಿ ರಾಜಧಾನಿಗೆ ಬಂದದ್ದು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 1,791 ಕೋಟಿ ರೂಪಾಯಿಯ ಉಕ್ಕಿನ ಸೇತುವೆ ಕಟ್ಟುತ್ತೇವೆಂದು ಸರ್ಕಾರ ಹೊರಟಿತು. ನೂರಾರು ಮರಗಳು ಹೋಗುತ್ತಿದ್ದವು. ಅಕ್ಟೋಬರ್ 16ರಂದು ಜನ ಅದೇ ರಸ್ತೆಯ ಪಕ್ಕದಲ್ಲಿ ಕೈ ಕೈ ಹಿಡಿದು ಸಾಲಾಗಿ ನಿಂತರು. 2017ರ ಮಾರ್ಚಿನಲ್ಲಿ ಯೋಜನೆ ಕೈಬಿಟ್ಟರು. ಆ ಜನ ಅಂದು ನಿಂತ ಜಾಗ ಯಾವ ಪಾರ್ಕೂ ಅಲ್ಲ. 2022ರ ನಂತರ ಅದೇ ಸಾಲು ಅದೇ ಜಾಗದಲ್ಲಿ ನಿಂತರೆ ಅದು ಅಪರಾಧ.

ಇನ್ನೂ ಉತ್ತರಕ್ಕೆ ಹೋದರೆ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿ. ಹದಿಮೂರು ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗೆಂದು ಹಿಡಿಯಲು ಹೊರಟಾಗ, ರೈತರು 2022ರ ಏಪ್ರಿಲ್‌ನಲ್ಲಿ ತಮ್ಮ ನೆಲದಲ್ಲೇ ಧರಣಿ ಕೂತರು. ಮೂರು ವರ್ಷಕ್ಕೂ ಮಿಗಿಲಾಗಿ ಕೂತರು. 2025ರ ಜೂನ್ 25ರಂದು ದೇವನಹಳ್ಳಿ ಚಲೋ ನಡೆಸಿದವರನ್ನು ಪೊಲೀಸರು ಎತ್ತಿ ಒಯ್ದರು. ಜುಲೈ 15ರಂದು ಮುಖ್ಯಮಂತ್ರಿಗಳು ಭೂಸ್ವಾಧೀನ ಕೈಬಿಟ್ಟೆವೆಂದು ಘೋಷಿಸಿದರು. ಕಡೆಯ ದಿನಗಳಲ್ಲಿ ಅವರು ಫ್ರೀಡಂ ಪಾರ್ಕಿನಲ್ಲೂ ಕೂತರು, ನಿಜ. ಆದರೆ ಮೂರು ವರ್ಷದ ಬೇರು ಇದ್ದದ್ದು ಅವರ ಹೊಲದ ಬದುವಿನಲ್ಲಿ. ಬೇರಿಲ್ಲದೆ ಪಾರ್ಕಿಗೆ ಬಂದ ಗಿಡ ಒಂದೇ ಬಿಸಿಲಿಗೆ ಬಾಡುತ್ತದೆ.

ಈ ಹಾದಿ ಹಳೆಯದು. ಯಲಹಂಕದಿಂದ ಗೌರಿಬಿದನೂರಿನ ಕಡೆ ರೈಲು ಹತ್ತಿದರೆ ವಿದುರಾಶ್ವತ್ಥದ ಸೀಮೆ ಬರುತ್ತದೆ. 1938ರ ಏಪ್ರಿಲ್ 25ರಂದು ಅಲ್ಲಿ ನಿಷೇಧಾಜ್ಞೆ ಇತ್ತು, ಜನ ಸೇರಿದರು, ಪೊಲೀಸರು ಗುಂಡು ಹಾರಿಸಿದರು. ಮೂವತ್ತಕ್ಕೂ ಹೆಚ್ಚು ಜನ ಸತ್ತರೆಂದು ಜನರ ಲೆಕ್ಕ. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಅದರ ಬೆನ್ನಿಗೇ ಮಿರ್ಜಾ–ಪಟೇಲ್ ಒಪ್ಪಂದವಾಗಿ ಮೈಸೂರು ಸೀಮೆಯಲ್ಲಿ ಬಾವುಟ ಹಾರಿಸಲು ಅವಕಾಶ ಸಿಕ್ಕಿತು. ಅವರು ಪ್ರಾಣ ಕೊಟ್ಟು ಗಳಿಸಿದ ಹಕ್ಕನ್ನು ನಾವು ಅರ್ಜಿ ಫಾರಮ್ಮಿನ ಕಾಲಮ್ಮಿನಲ್ಲಿ ಕಳೆಯಬೇಕೆ?

ಹಾಗಾದರೆ ನಾವು ಕೇಳುವುದೇನು? ನಾಲ್ಕೇ ಮಾತು. ಒಂದು, ಪಾಲಿಕೆಗಳ ಚುನಾವಣೆ ಅವಧಿ ಮೀರದೆ ನಡೆಯಬೇಕು. ಇನ್ನೊಮ್ಮೆ ಐದು ವರ್ಷ ನುಂಗಲು ಬಿಡಬಾರದು. ಎರಡು, ಊರಿಗೊಂದು ಪಾರ್ಕು ಸಾಲದು, ಪ್ರತಿ ವಾರ್ಡಿನಲ್ಲೂ ಜನ ಸೇರಲು ಒಂದು ಬಯಲು ಗೊತ್ತಾಗಬೇಕು. ಯಾವ ಕಚೇರಿಯ ಮೇಲೆ ದೂರಿದೆಯೋ ಆ ಕಚೇರಿಯ ಮುಂದೆ ದಾರಿ ಬಿಟ್ಟು ನಿಲ್ಲಲು ಅವಕಾಶ ಇರಬೇಕು. ಮೂರು, ಸಣ್ಣ ಸಭೆಗೆ ಅನುಮತಿ ಬೇಡುವ ಪದ್ಧತಿ ಹೋಗಿ, ತಿಳಿವಳಿಕೆ ಕೊಟ್ಟರೆ ಸಾಕೆಂಬ ಪದ್ಧತಿ ಬರಬೇಕು. ನಿರಾಕರಿಸುವುದಾದರೆ ಕಾರಣವನ್ನು ಬರೆದು ಕೊಡಬೇಕು. ನಾಲ್ಕು, ನಿಯಮ ಯಾವುದೇ ಇರಲಿ, ಆಳುವ ಪಕ್ಷಕ್ಕೂ ಕೊಡ ಹಿಡಿದ ಹೆಂಗಸಿಗೂ ಒಂದೇ ಆಗಿರಬೇಕು.

ಕೇಳುವವರಿಗೆ ಕರ್ತವ್ಯವೂ ಇದೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕಾರ್ಖಾನೆ ಬಿಟ್ಟು ರಸ್ತೆಗೆ ಬಂದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಅಷ್ಟು ದೊಡ್ಡ ಗೆಲುವು. ಆದರೆ ಆ ಗದ್ದಲದಲ್ಲಿ ಬಸ್ಸುಗಳು ಉರಿದವು, ಮರುದಿನ ಊರು ಮಾತನಾಡಿದ್ದು ಭವಿಷ್ಯನಿಧಿಯ ಬಗ್ಗೆ ಅಲ್ಲ, ಬಸ್ಸಿನ ಬಗ್ಗೆ. ಕಲ್ಲು ಎಸೆದವನು ಯಾರೇ ಆಗಲಿ, ಅವನು ಪೊಲೀಸಿನವರ ಕೈಗೆ ಲಾಠಿ ಕೊಟ್ಟು ಹೋಗುತ್ತಾನೆ. ಆದುದರಿಂದ ನಮ್ಮ ಸಭೆಯಲ್ಲಿ ಆಂಬುಲೆನ್ಸಿಗೆ ದಾರಿ ಬಿಡುವವರು ನಮ್ಮವರೇ ಆಗಿರಬೇಕು, ಸಭೆ ಮುಗಿದ ಮೇಲೆ ಕಸ ಗುಡಿಸುವವರೂ ನಮ್ಮವರೇ ಆಗಿರಬೇಕು. ನಮಗೆ ಹಿಡಿಸದ ಮಾತನ್ನಾಡುವವರ ಸಭೆಯನ್ನು ಪೊಲೀಸರು ತಡೆದಾಗಲೂ ನಾವು ಅವರ ಹಕ್ಕಿನ ಪರ ಮಾತನಾಡಬೇಕು. ನಮ್ಮವರಿಗೆ ಮಾತ್ರ ಬೇಕೆಂದರೆ ಅದು ಸ್ವಾತಂತ್ರ್ಯವಲ್ಲ, ಗುಂಪುಗಾರಿಕೆ.

ಬಂಧುಗಳೇ, ರಾಜಕೀಯ ಸಂಸ್ಕೃತಿ ಎಂಬುದು ದೆಹಲಿಯಲ್ಲಿ ತಯಾರಾಗಿ ರೈಲಿನಲ್ಲಿ ಬರುವ ಸರಕಲ್ಲ. ವಾರ್ಡಿನ ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಿದವನು ನಾಳೆ ವಿಧಾನಸಭೆಯನ್ನೂ ಪ್ರಶ್ನಿಸುತ್ತಾನೆ. ವಾರ್ಡಿನಲ್ಲಿ ಬಾಯಿ ಮುಚ್ಚಿ ರೂಢಿಯಾದವನು ಪಾರ್ಲಿಮೆಂಟಿನಲ್ಲಿ ಮೇಜು ಕುಟ್ಟುವುದನ್ನೇ ರಾಜಕೀಯವೆಂದು ತಿಳಿಯುತ್ತಾನೆ. ಇಲ್ಲಿಂದ ಹೊರಟ ಮೇಲೆ ನೀವು ನಿಮ್ಮ ನಿಮ್ಮ ವಾರ್ಡಿನಲ್ಲಿ ಜನ ಸೇರಬಹುದಾದ ಬಯಲು ಯಾವುದಿದೆ, ಅದು ಯಾರ ಹೆಸರಿನಲ್ಲಿದೆ, ಎಷ್ಟು ಜನ ನಿಲ್ಲಬಹುದು ಎಂಬುದನ್ನು ಬರೆದುಕೊಂಡು ಬನ್ನಿ. ಆ ಪಟ್ಟಿಯನ್ನು ಹಿಡಿದು ಪಾಲಿಕೆಗೂ ಪೊಲೀಸ್ ಕಮಿಷನರಿಗೂ ಅರ್ಜಿ ಕೊಡೋಣ. ಒಪ್ಪದಿದ್ದರೆ ಕೋರ್ಟಿಗೂ ಹೋಗೋಣ, ಜನರ ಬಳಿಗೂ ಹೋಗೋಣ. ಕೆಲಸ ಸಣ್ಣದು, ಸಣ್ಣದರಿಂದಲೇ ಶುರು ಮಾಡೋಣ.